ಬೀದಿ ಖಾಲಿಯಾದಾಗ ಗಾಳಿ ಎಷ್ಟು ತಿಳಿಯಾಯಿತು? ಓದುಗರ ಪ್ರಶ್ನೆಗಳಿಗೆ ಉತ್ತರ

ಕೊರೋನಾ ಕಾಲದ ಸಂಚಾರ ನಿರ್ಬಂಧಗಳು ಮತ್ತು ನಗರಗಳ ಗಾಳಿಯನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಈ ಅಂಕಣದಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂದೇಹವನ್ನು ಬೇರೆ ಬೇರೆ ಕಡೆಯಿಂದ ಎತ್ತಿವೆ: ಗಾಳಿ ತಿಳಿಯಾದದ್ದು ವಾಹನಗಳು ನಿಂತದ್ದರಿಂದಲೋ, ಹವೆ ಬದಲಾದದ್ದರಿಂದಲೋ? ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾಳಿ ಬಹಳ ಚೆನ್ನಾಗಿತ್ತು ಎಂಬುದು ನನ್ನ ನೆನಪು. ಅದು ಲಾಕ್‌ಡೌನ್‌ನ ಫಲ ಎಂದು ನಾನು ಹೇಳಿದರೆ, ಬೇಸಿಗೆಯಲ್ಲಿ ಗಾಳಿ ಯಾವಾಗಲೂ ಚಳಿಗಾಲಕ್ಕಿಂತ ಚೆನ್ನಾಗಿಯೇ ಇರುತ್ತದೆ ಎಂದು ನನ್ನ ತಮ್ಮ ವಾದಿಸುತ್ತಾನೆ. ಯಾರ ಮಾತು ಸರಿ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ನೀವಿಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿಲ್ಲ. ಗಾಳಿ ಚೆನ್ನಾಗಿತ್ತು ಎಂದು ಒಟ್ಟಾಗಿ ಹೇಳುವ ಮೊದಲು, ಗಾಳಿಯಲ್ಲಿದ್ದ ಯಾವ ಮಲಿನಕಾರಕ ಕಡಿಮೆಯಾಯಿತು ಎಂದು ಕೇಳಿಕೊಳ್ಳಬೇಕು.

ನೈಟ್ರೋಜನ್ ಡೈಆಕ್ಸೈಡನ್ನು ತೆಗೆದುಕೊಳ್ಳಿ. ನಗರದಲ್ಲಿ ಇದರ ಮುಖ್ಯ ಮೂಲ ಎಂಜಿನ್‌ಗಳೇ, ಅದರಲ್ಲೂ ಡೀಸೆಲ್ ಎಂಜಿನ್‌ಗಳು. ಈ ಅನಿಲ ಹಗಲಿನ ಬಿಸಿಲಿನಲ್ಲಿ ಕೆಲವೇ ಗಂಟೆಗಳ ಕಾಲ ಉಳಿದು ಬೇರೆ ರೂಪ ತಾಳುವುದರಿಂದ, ನಿನ್ನೆ ಮೊನ್ನೆಯ ಹೊಗೆ ಇಂದಿನ ಅಳತೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಮಾರ್ಚ್ 22ರ ಜನತಾ ಕರ್ಫ್ಯೂ, ಅದರ ಬೆನ್ನಿಗೇ ಮಾರ್ಚ್ 25ರಿಂದ ಜಾರಿಗೆ ಬಂದ ದೇಶವ್ಯಾಪಿ ಲಾಕ್‌ಡೌನ್, ಇವುಗಳಿಂದಾಗಿ 80 ಲಕ್ಷಕ್ಕೂ ಹೆಚ್ಚು ನೋಂದಾಯಿತ ವಾಹನಗಳಿದ್ದ ಬೆಂಗಳೂರಿನಲ್ಲಿ ತುರ್ತು ಸೇವೆ ಮತ್ತು ಅಗತ್ಯ ವಸ್ತುಗಳ ಸಾಗಣೆಯನ್ನು ಬಿಟ್ಟು ಉಳಿದ ಓಡಾಟ ಬಹುಮಟ್ಟಿಗೆ ನಿಂತಿತು. ಅದರೊಂದಿಗೇ ಈ ಅನಿಲದ ಪ್ರಮಾಣ ಕಡಿದಾಗಿ ಇಳಿಯಿತು. ಇಷ್ಟು ಥಟ್ಟನೆ ಇಳಿಯುವುದು ಋತುವಿನ ಬದಲಾವಣೆಯಿಂದ ಆಗುವ ಕೆಲಸವಲ್ಲ. ಇಲ್ಲಿ ನಿಮ್ಮ ವಾದವೇ ಗಟ್ಟಿ.

ಪಿಎಂ 2.5 ಎಂದು ಕರೆಯುವ, ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ವಿಷಯಕ್ಕೆ ಬಂದರೆ ತಮ್ಮನವರ ಮಾತಿಗೆ ತೂಕ ಬರುತ್ತದೆ. ವಾಹನದ ಹೊಗೆ ಈ ಕಣಗಳ ಒಂದು ಮೂಲ ಮಾತ್ರ. ಕಸ ಸುಡುವುದು, ಸೌದೆ ಒಲೆ, ಕಾರ್ಖಾನೆ, ಡೀಸೆಲ್ ಜನರೇಟರ್, ರಸ್ತೆಯ ದೂಳು, ಗಾಳಿಯಲ್ಲೇ ಅನಿಲಗಳು ಕೂಡಿ ಹುಟ್ಟುವ ಸಲ್ಫೇಟ್ ಮತ್ತು ನೈಟ್ರೇಟ್ ಕಣಗಳು, ಎಲ್ಲವೂ ಇದರಲ್ಲಿ ಸೇರಿವೆ. ಮಳೆ ಬಾರದಿದ್ದರೆ ಇವು ದಿನಗಟ್ಟಲೆ ತೇಲುತ್ತವೆ, ನೂರಾರು ಕಿಲೋಮೀಟರ್ ಸಾಗುತ್ತವೆ. ಇವುಗಳ ಸಾಂದ್ರತೆಯನ್ನು ನಿರ್ಧರಿಸುವುದರಲ್ಲಿ, ಎಷ್ಟು ಹೊಗೆ ಹೊರಬಂತು ಎಂಬುದರಷ್ಟೇ ಪಾತ್ರ ಆ ಹೊಗೆಗೆ ಹರಡಲು ಎಷ್ಟು ಜಾಗ ಸಿಕ್ಕಿತು ಎಂಬುದಕ್ಕೂ ಇದೆ.

ಆ ಜಾಗದ ಲೆಕ್ಕ ಹೀಗೆ. ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ. ಹೀಗೆ ಗಾಳಿ ಕಲಕಿಕೊಳ್ಳುವ ಎತ್ತರವನ್ನು ಮಿಶ್ರಣ ಪದರ ಎನ್ನುತ್ತಾರೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇದು ಎರಡು ಕಿಲೋಮೀಟರನ್ನೂ ಮೀರಬಲ್ಲದು. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ನೆಲ ರಾತ್ರಿಯಿಡೀ ತಣ್ಣಗಾಗಿ, ತಂಪು ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಂತು, ಇದೇ ಪದರ ಕೆಲವು ನೂರು ಮೀಟರಿಗೆ ಕುಗ್ಗುತ್ತದೆ. ಇದಕ್ಕೆ ತಾಪ ವಿಲೋಮ ಎಂದು ಹೆಸರು. ಅದೇ ಒಲೆ, ಅದೇ ಸೌದೆಯಾದರೂ ತಗ್ಗು ಮಾಡಿನ ಅಡುಗೆಮನೆಯಲ್ಲಿ ಕಣ್ಣು ಉರಿಯುತ್ತದೆ, ಎತ್ತರದ ಮಾಡಿನ ಮನೆಯಲ್ಲಿ ಅಷ್ಟು ತಿಳಿಯುವುದಿಲ್ಲ. ಹಾಗಾಗಿ ಫೆಬ್ರುವರಿಯ ಅಂಕಿಯನ್ನೂ ಏಪ್ರಿಲ್‌ನ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು, ನಡುವಿನ ಅಂತರವೆಲ್ಲ ಲಾಕ್‌ಡೌನ್‌ನದ್ದು ಎಂದು ಆ ದಿನಗಳಲ್ಲಿ ಬಂದ ಹಲವು ವರದಿಗಳು, ಋತು ಮಾಡಿದ ಕೆಲಸವನ್ನೂ ಸರ್ಕಾರದ ಆದೇಶದ ಲೆಕ್ಕಕ್ಕೆ ಬರೆದುಕೊಂಡವು ಎನ್ನಬೇಕಾಗುತ್ತದೆ.

ಕಳೆದ ವರ್ಷಗಳ ಏಪ್ರಿಲ್‌ನೊಂದಿಗೆ ಹೋಲಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಅದು ಮೊದಲ ಹೋಲಿಕೆಗಿಂತ ಮೇಲು, ಆದರೂ ಸಾಲದು. ದೆಹಲಿಯನ್ನೇ ನೋಡಿ. 2020ರ ಮಾರ್ಚ್ ತಿಂಗಳಲ್ಲಿ ಅಲ್ಲಿ 100 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಆ ತಿಂಗಳ ವಾಡಿಕೆ ಮಳೆ 20 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಮಳೆ ಕಣಗಳನ್ನು ತೊಳೆದು ಇಳಿಸುವುದಲ್ಲದೆ ನೆಲವನ್ನು ಒದ್ದೆ ಮಾಡಿ ದೂಳು ಏಳದಂತೆಯೂ ತಡೆಯುತ್ತದೆ. ಲಾಕ್‌ಡೌನ್ ಆರಂಭವಾದಾಗ ಅಲ್ಲಿನ ಪಿಎಂ 2.5 ಅರ್ಧದ ಆಸುಪಾಸಿಗೆ ಇಳಿಯಿತು ಎಂಬುದು ನಿಜವೇ. ಆ ಇಳಿಕೆಯಲ್ಲಿ ಮಳೆಯ ಪಾಲನ್ನು ಕಳೆಯದೆ ವಾಹನಗಳ ಪಾಲನ್ನು ಹೇಳಲಾಗದು ಎಂಬುದೂ ಅಷ್ಟೇ ನಿಜ. ನಮ್ಮಲ್ಲಿಯೂ ಮಾರ್ಚ್ ಮುಗಿಯುತ್ತಿದ್ದಂತೆ ಮಾವಿನ ಹೊಯ್ಲು, ಆಮೇಲೆ ಅಶ್ವಿನಿ, ಭರಣಿ ಮಳೆಗಳು ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ.

ಪ್ರಶ್ನೆ: ಹಾಗಾದರೆ ಹವೆಯ ಪಾಲನ್ನು ಕಳೆದು, ನಿರ್ಬಂಧದ ಪಾಲನ್ನಷ್ಟೇ ಹೇಳುವ ದಾರಿ ಉಂಟೇ?
— ಸಂಖ್ಯಾಶಾಸ್ತ್ರದ ಅಧ್ಯಾಪಕರು, ತುಮಕೂರು

ಉತ್ತರ: ಉಂಟು. ಒಂದು ನಗರದಲ್ಲಿ ಹಲವು ವರ್ಷಗಳ ಕಾಲ ಗಂಟೆಗಂಟೆಗೂ ದಾಖಲಾದ ಮಾಲಿನ್ಯದ ಅಳತೆಗಳನ್ನೂ, ಅದೇ ಗಂಟೆಗಳ ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕು, ಒತ್ತಡ, ಮಿಶ್ರಣ ಪದರದ ಎತ್ತರ ಇವುಗಳನ್ನೂ ಒಟ್ಟಿಗೆ ಗಣಕಕ್ಕೆ ಕೊಟ್ಟು, ಇಂಥ ಹವೆಯಲ್ಲಿ ಸಾಮಾನ್ಯವಾಗಿ ಇಷ್ಟು ಮಾಲಿನ್ಯವಿರುತ್ತದೆ ಎಂಬ ಸಂಬಂಧವನ್ನು ಅದು ಕಲಿಯುವಂತೆ ಮಾಡುತ್ತಾರೆ. ಬಳಿಕ 2020ರ ಪ್ರತಿ ದಿನದ ಲೆಕ್ಕವನ್ನು, ಆ ದಿನ ನಿಜವಾಗಿ ಇದ್ದ ಹವೆಯ ಬದಲು ಆ ಊರಿನ ಹಲವು ವರ್ಷಗಳ ಹವೆಯಿಂದ ಯದೃಚ್ಛೆಯಾಗಿ ಆರಿಸಿದ ನೂರಾರು ಮಾದರಿಗಳನ್ನು ಇಟ್ಟು ಮತ್ತೆ ಮತ್ತೆ ಮಾಡಿ, ಸರಾಸರಿ ತೆಗೆಯುತ್ತಾರೆ. ಹೀಗೆ ಮಾಡಿದಾಗ ಹವೆಯ ಏರಿಳಿತ ಸಮತಟ್ಟಾಗಿ, ಉಳಿಯುವ ಏರಿಳಿತ ಬಹುಮಟ್ಟಿಗೆ ಹೊಗೆಯ ಮೂಲಗಳದ್ದೇ ಆಗಿರುತ್ತದೆ. ನಿಮ್ಮ ಶಾಸ್ತ್ರದ ಭಾಷೆಯಲ್ಲಿ ಇದು ಗೊಂದಲಕಾರಿ ಚರಗಳನ್ನು ಹತೋಟಿಯಲ್ಲಿಡುವ ಕ್ರಮವೇ ಸರಿ. ಸರಳರೇಖೆಯ ಸಮೀಕರಣದ ಬದಲು ಹೌದು-ಅಲ್ಲ ಎಂಬ ಪ್ರಶ್ನೆಗಳ ಸರಣಿಯಿಂದ ಉತ್ತರಕ್ಕೆ ಬರುವ ನೂರಾರು ನಿರ್ಧಾರವೃಕ್ಷಗಳನ್ನು ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಕ್ರಮದಿಂದ ಬೀಜಿಂಗ್, ವುಹಾನ್, ದೆಹಲಿ, ಮಿಲಾನ್, ರೋಮ್, ಮ್ಯಾಡ್ರಿಡ್, ಲಂಡನ್, ಪ್ಯಾರಿಸ್, ಬರ್ಲಿನ್, ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಎಂಬ 11 ನಗರಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹವೆಯ ಪಾಲನ್ನು ಕಳೆದ ಮೇಲೆ, ನಿರ್ಬಂಧದಿಂದಲೇ ಆದ ನೈಟ್ರೋಜನ್ ಡೈಆಕ್ಸೈಡಿನ ಇಳಿಕೆ ನಗರದಿಂದ ನಗರಕ್ಕೆ ಶೇ 10ರಿಂದ 50ರಷ್ಟಿತ್ತು. ಇದು ಸಣ್ಣದಲ್ಲ, ಆದರೆ ಬರಿಯ ಅಂಕಿಗಳ ಹೋಲಿಕೆಯಿಂದ ನಿರೀಕ್ಷಿಸಿದಷ್ಟು ದೊಡ್ಡದೂ ಅಲ್ಲ. ಓಝೋನ್ ಲಂಡನ್ನಿನ ಹೊರತು ಉಳಿದೆಡೆ ಶೇ 2ರಿಂದ 30ರಷ್ಟು ಹೆಚ್ಚಿತು. ಪಿಎಂ 2.5 ಹೆಚ್ಚಿನ ನಗರಗಳಲ್ಲಿ ಇಳಿದರೂ ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಏರಿತು. ಈ ಕೊನೆಯ ಅಂಶವನ್ನು ಓದುಗರು ಸ್ವಲ್ಪ ನಿಂತು ಗಮನಿಸಬೇಕೆಂದು ನನ್ನ ಕೋರಿಕೆ: ರಸ್ತೆಗಳು ಬರಿದಾಗಿದ್ದ ಆ ದಿನಗಳಲ್ಲಿ, ಹವೆಯ ಪಾಲನ್ನು ಕಳೆದ ಮೇಲೂ, ಎರಡು ಮಹಾನಗರಗಳಲ್ಲಿ ಸೂಕ್ಷ್ಮ ಕಣಗಳು ಕಡಿಮೆಯಾಗಲಿಲ್ಲ.

ಪ್ರಶ್ನೆ: ವುಹಾನ್ ನಗರವನ್ನು 2020ರ ಜನವರಿ 23ರಂದು ಮುಚ್ಚಿದರು, ಚೀನಾದ ಬಹುಭಾಗದಲ್ಲಿ ಸಂಚಾರ ನಿಂತಿತು, ಆಕಾಶ ತಿಳಿಯಾದ ಉಪಗ್ರಹ ಚಿತ್ರಗಳನ್ನು ಎಲ್ಲರೂ ನೋಡಿದೆವು. ಆದರೆ ಅದೇ ಫೆಬ್ರುವರಿಯಲ್ಲಿ ಬೀಜಿಂಗ್ ದಟ್ಟ ಹೊಗೆಮಂಜಿನಲ್ಲಿ ಮುಳುಗಿತ್ತು ಎಂದು ಓದಿದೆ. ಎರಡೂ ನಿಜವಾಗಲು ಹೇಗೆ ಸಾಧ್ಯ?
— ಓದುಗರು, ಮಂಗಳೂರು

ಉತ್ತರ: ಎರಡೂ ನಿಜ. ಹವೆ ಮತ್ತು ಸಂಚಾರದ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ, ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ.

ನೀವು ನೋಡಿದ ಉಪಗ್ರಹ ಚಿತ್ರಗಳು ನೈಟ್ರೋಜನ್ ಡೈಆಕ್ಸೈಡಿನವು. ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದಲ್ಲಿರುವ ಟ್ರೋಪೋಮಿ ಉಪಕರಣ ಪ್ರತಿ ಊರಿನ ಮೇಲೂ ಸ್ಥಳೀಯ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಹಾದುಹೋಗಿ, ನೆಲದಿಂದ ಮೇಲಿನವರೆಗಿನ ಗಾಳಿಯ ಕಂಬದಲ್ಲಿ ಆ ಅನಿಲ ಒಟ್ಟು ಎಷ್ಟಿದೆ ಎಂದು ಅಳೆಯುತ್ತದೆ. ಆ ಚಿತ್ರಗಳು ಸುಳ್ಳು ಹೇಳಲಿಲ್ಲ. ಆದರೆ ಚೀನಾದ ಹೊಸವರ್ಷದ ರಜೆಯಲ್ಲಿ ಕಾರ್ಖಾನೆಗಳು ಮುಚ್ಚಿ ಪ್ರತಿ ವರ್ಷವೂ ಈ ಅನಿಲ ಇಳಿಯುತ್ತದೆ. 2020ರಲ್ಲಿ ಹಬ್ಬ ಜನವರಿ 25ಕ್ಕೆ ಬಿದ್ದಿತ್ತು. ರಜೆ ಮುಗಿದ ಮೇಲೂ ಇಳಿಕೆ ಮುಂದುವರಿದದ್ದು ಆ ವರ್ಷದ ವಿಶೇಷವೇ ಹೊರತು, ಇಳಿಕೆ ಶುರುವಾದದ್ದು ಅಲ್ಲ.

ಬೀಜಿಂಗ್ ಕಂಡ ಹೊಗೆಮಂಜು ಈ ಅನಿಲದ್ದಲ್ಲ, ಸೂಕ್ಷ್ಮ ಕಣಗಳದ್ದು. ಮೂರು ಸಂಗತಿಗಳು ಆಗ ಒಟ್ಟಿಗೆ ಕೂಡಿಬಂದವು. ಕಾರುಗಳು ನಿಂತರೂ ವಿದ್ಯುತ್ ಸ್ಥಾವರಗಳು ನಡೆಯುತ್ತಿದ್ದವು, ಮನೆಗಳನ್ನು ಬೆಚ್ಚಗಿಡುವ ವ್ಯವಸ್ಥೆ ನಡೆಯುತ್ತಿತ್ತು, ಉಕ್ಕಿನ ಊದುಕುಲುಮೆಗಳೂ ಉರಿಯುತ್ತಿದ್ದವು. ಊದುಕುಲುಮೆಯನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲು ಬರುವುದಿಲ್ಲ. ಎರಡನೆಯದಾಗಿ, ಉತ್ತರ ಚೀನಾದ ಬಯಲಿನಲ್ಲಿ ಗಾಳಿ ಬಹುತೇಕ ನಿಂತು, ಆರ್ದ್ರತೆ ಆ ಕಾಲಕ್ಕೆ ಅಸಾಮಾನ್ಯವಾಗಿ ಏರಿ, ಮಿಶ್ರಣ ಪದರ ಕುಗ್ಗಿತ್ತು. ಆರ್ದ್ರತೆ ಹೆಚ್ಚಿದಾಗ ಸಲ್ಫೇಟ್ ಮತ್ತು ನೈಟ್ರೇಟ್ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ. ಊದಿಕೊಂಡ ಕಣದ ಮೇಲೆ ಇನ್ನಷ್ಟು ಅನಿಲಗಳು ಕರಗಿ ಹೊಸ ಕಣದ್ರವ್ಯವಾಗುತ್ತವೆ. ಮೂರನೆಯದೇ ಎಲ್ಲಕ್ಕಿಂತ ಅನಿರೀಕ್ಷಿತ. ವಾಹನಗಳ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾದಾಗ ಗಾಳಿಯಲ್ಲಿ ಓಝೋನ್ ಹೆಚ್ಚಿತು, ಓಝೋನ್ ಹೆಚ್ಚಿದ್ದರಿಂದ ಗಾಳಿಯ ಉತ್ಕರ್ಷಣ ಶಕ್ತಿ ಹೆಚ್ಚಿತು, ಆ ಶಕ್ತಿ ಉಳಿದಿದ್ದ ಅನಿಲಗಳನ್ನು ಇನ್ನೂ ಚುರುಕಾಗಿ ಕಣಗಳನ್ನಾಗಿ ಮಾರ್ಪಡಿಸಿತು. ಒಂದು ಮಾಲಿನ್ಯವನ್ನು ಇಳಿಸಿದ್ದೇ ಇನ್ನೊಂದು ಹುಟ್ಟಲು ನೆರವಾದಂತಾಯಿತು. ವಾಹನ ನಿಲ್ಲಿಸಿದರೆ ಗಾಳಿ ಕೆಡುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. ನೈಟ್ರೋಜನ್ ಆಕ್ಸೈಡುಗಳನ್ನಷ್ಟೇ ಇಳಿಸಿ, ಸಾವಯವ ಆವಿಗಳು (ಪೆಟ್ರೋಲ್, ಬಣ್ಣ ಮೊದಲಾದವುಗಳಿಂದ ಏಳುವ ಇಂಗಾಲಯುಕ್ತ ಆವಿಗಳು), ಗಂಧಕದ ಅನಿಲ, ಅಮೋನಿಯಾ ಇವನ್ನು ಹಾಗೆಯೇ ಬಿಟ್ಟರೆ, ಹವೆ ಪ್ರತಿಕೂಲವಾದ ದಿನ ಆ ಇಳಿಕೆಯ ಲಾಭ ಕೈಗೆ ಸಿಗದೆ ಹೋಗಬಹುದು ಎಂಬುದಷ್ಟೇ ತೀರ್ಮಾನ.

ಪ್ರಶ್ನೆ: ಓಝೋನ್ ಹೆಚ್ಚಾಯಿತು ಎಂದು ಎಲ್ಲೆಡೆ ಬರೆಯುತ್ತಾರೆ. ಓಝೋನ್ ನಮ್ಮನ್ನು ಕಾಪಾಡುವ ಪದರವಲ್ಲವೇ? ಹೆಚ್ಚಾದರೆ ಒಳ್ಳೆಯದಲ್ಲವೇ?
— ಪಿಯು ವಿದ್ಯಾರ್ಥಿನಿ, ಮೈಸೂರು

ಉತ್ತರ: ಹದಿನೈದು ಕಿಲೋಮೀಟರಿಗೂ ಮೇಲಿರುವ ಓಝೋನ್ ನೇರಳಾತೀತ ಕಿರಣವನ್ನು ತಡೆದು ನಮ್ಮನ್ನು ಕಾಯುತ್ತದೆ, ಮೂಗಿನ ಮಟ್ಟದಲ್ಲಿರುವ ಅದೇ ಅನಿಲ ಶ್ವಾಸಕೋಶವನ್ನು ಕೆರಳಿಸುತ್ತದೆ, ಬೆಳೆಗೂ ಹಾನಿ ಮಾಡುತ್ತದೆ. ನಮ್ಮ ದೇಶದ ಮಾನದಂಡ ಇದಕ್ಕೆ ಎಂಟು ಗಂಟೆಗಳ ಸರಾಸರಿಯಾಗಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮಿತಿಯನ್ನು ಹಾಕಿದೆ.

ನೆಲಮಟ್ಟದ ಓಝೋನ್ ಯಾವ ಕೊಳವೆಯಿಂದಲೂ ಹೊರಬರುವುದಿಲ್ಲ. ನೈಟ್ರೋಜನ್ ಆಕ್ಸೈಡುಗಳೂ ಸಾವಯವ ಆವಿಗಳೂ ಬಿಸಿಲಿನಲ್ಲಿ ಪ್ರತಿಕ್ರಿಯಿಸಿದಾಗ ಅದು ಹುಟ್ಟುತ್ತದೆ. ಆದರೆ ಎಂಜಿನ್‌ನಿಂದ ಆಗತಾನೆ ಹೊರಬಂದ ನೈಟ್ರಿಕ್ ಆಕ್ಸೈಡ್ ಓಝೋನನ್ನು ಕಂಡಲ್ಲಿ ಕಬಳಿಸಿ ತಾನು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಹೀಗಾಗಿ ವಾಹನದಟ್ಟಣೆಯ ರಸ್ತೆಯಲ್ಲಿ ಓಝೋನ್ ಕಡಿಮೆ, ಊರ ಹೊರಗೆ ಹೆಚ್ಚು. ಲಾಕ್‌ಡೌನ್‌ನಲ್ಲಿ ಕಬಳಿಸುವ ಅನಿಲವೇ ಇಲ್ಲವಾದಾಗ ನಗರದೊಳಗೂ ಓಝೋನ್ ಉಳಿಯಿತು. ಮಾರ್ಚ್ ನಂತರದ ಪ್ರಖರ ಬಿಸಿಲು ಅದಕ್ಕೆ ಜೊತೆಯಾಯಿತು. ಇಲ್ಲಿಯೂ ಹವೆ ಮತ್ತು ಸಂಚಾರ ಒಂದೇ ದಿಕ್ಕಿನಲ್ಲಿ ಎಳೆದವು.

ಇನ್ನೊಂದು ಮಾತು. ನಿಮ್ಮ ಮೊಬೈಲ್‌ನಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕ ಎಲ್ಲ ಮಲಿನಕಾರಕಗಳ ಸರಾಸರಿಯಲ್ಲ. ಪ್ರತಿಯೊಂದಕ್ಕೂ ಉಪಸೂಚ್ಯಂಕ ಲೆಕ್ಕ ಹಾಕಿ, ಅವುಗಳಲ್ಲಿ ಅತಿ ಹೆಚ್ಚಿನದನ್ನೇ ಆ ದಿನದ ಸೂಚ್ಯಂಕವೆಂದು ತೋರಿಸುತ್ತಾರೆ. ಕಣಗಳು ಇಳಿದ ದಿನ ಆ ಸ್ಥಾನಕ್ಕೆ ಓಝೋನ್ ಬಂದು ಕೂರಬಹುದು. ಸಂಖ್ಯೆಯ ಕೆಳಗೆ ಯಾವ ಮಲಿನಕಾರಕದ ಹೆಸರಿದೆ ಎಂದು ನೋಡುವ ಅಭ್ಯಾಸವಿಟ್ಟುಕೊಳ್ಳಿ.

ಪ್ರಶ್ನೆ: ಜಲಂಧರ್‌ನ ಮನೆಗಳ ಮಾಳಿಗೆಯಿಂದ ಹಿಮಾಲಯ ಕಂಡಿತು ಎಂಬ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಅದು ನಿಜವೇ?
— ಓದುಗರು, ಶಿರಸಿ

ಉತ್ತರ: ನಿಜ. 2020ರ ಏಪ್ರಿಲ್ ಆರಂಭದಲ್ಲಿ, ಸುಮಾರು 200 ಕಿಲೋಮೀಟರ್ ದೂರದ ಧೌಲಾಧಾರ್ ಶ್ರೇಣಿ ಜಲಂಧರ್‌ನಿಂದ ಕಂಡಿತು. ದಶಕಗಳಿಂದ ಹೀಗೆ ಕಂಡಿರಲಿಲ್ಲ ಎಂದು ಅಲ್ಲಿನ ಹಿರಿಯರು ಹೇಳಿದರು. ಗಾಳಿಯಲ್ಲಿನ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸಿ ದೂರದ ದೃಶ್ಯವನ್ನು ಮಸುಕಾಗಿಸುತ್ತವೆ. ಕಣಗಳು ಕಡಿಮೆಯಾಗಿದ್ದಕ್ಕೆ ವಾಹನ ಮತ್ತು ಕಾರ್ಖಾನೆಗಳು ನಿಂತದ್ದು ಒಂದು ಕಾರಣ, ಉತ್ತರ ಭಾರತದಲ್ಲಿ ಅದಕ್ಕೆ ಮುಂಚಿನ ವಾರಗಳಲ್ಲಿ ಸುರಿದ ಅಕಾಲಿಕ ಮಳೆ ಇನ್ನೊಂದು. ಆ ಚಿತ್ರದೊಂದಿಗೆ ಹರಿದಾಡಿದ ಒಕ್ಕಣೆಗಳಲ್ಲಿ ಮಳೆಯ ಮಾತು ಇದ್ದದ್ದು ಅಪರೂಪ.

ಪ್ರಶ್ನೆ: ಜೂನ್ 8ರಿಂದ ನಿರ್ಬಂಧ ಸಡಿಲವಾಗಿ ವಾಹನಗಳು ರಸ್ತೆಗೆ ಮರಳಿದರೂ ನಮ್ಮ ಊರುಗಳ ಗಾಳಿ ಹಾಗೆಯೇ ಚೆನ್ನಾಗಿತ್ತು, ಕೆಟ್ಟದ್ದು ದೀಪಾವಳಿಯ ಹೊತ್ತಿಗೆ. ಇದನ್ನು ನೋಡಿದರೆ ವಾಹನಗಳನ್ನು ಸುಮ್ಮನೆ ದೂರುತ್ತಿದ್ದೇವೆ ಎನಿಸುವುದಿಲ್ಲವೇ?
— ಸಾರಿಗೆ ಉದ್ಯಮಿ, ಹುಬ್ಬಳ್ಳಿ

ಉತ್ತರ: ತಮ್ಮ ಗಮನ ಸರಿಯಾಗಿದೆ, ತೀರ್ಮಾನ ಸರಿಯಲ್ಲ. ಜೂನ್‌ನಲ್ಲಿ ಮುಂಗಾರು ಬಂತು, ಅದರ ಹಿಂದೆಯೇ ಆಷಾಢದ ಗಾಳಿ. ಅರಬ್ಬೀ ಸಮುದ್ರದಿಂದ ಘಟ್ಟ ಹತ್ತಿ ಬರುವ ಪಶ್ಚಿಮದ ಗಾಳಿ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳ ಮೇಲೆ ಎಡೆಬಿಡದೆ ಬೀಸಿ, ಹೊಗೆ ಒಂದೆಡೆ ನಿಲ್ಲಲು ಬಿಡುವುದಿಲ್ಲ. ಕರ್ನಾಟಕದ ಒಳನಾಡಿನ ನಗರಗಳಲ್ಲಿ ವರ್ಷದ ಅತ್ಯಂತ ತಿಳಿಯಾದ ಗಾಳಿ ಸಿಗುವುದು ಲಾಕ್‌ಡೌನ್ ಇರಲಿ ಬಿಡಲಿ ಈ ತಿಂಗಳುಗಳಲ್ಲಿಯೇ. ವಾಹನಗಳು ಮರಳಿದಾಗ ಹೆಚ್ಚಿದ ಹೊಗೆಯನ್ನು ಮುಂಗಾರು ಮುಚ್ಚಿಹಾಕಿತು.

ನವೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ. ಮಳೆ ಹಿಂದೆ ಸರಿದು, ಗಾಳಿ ತಣ್ಣಗಾಗಿ, ರಾತ್ರಿಯ ಮಿಶ್ರಣ ಪದರ ತಗ್ಗಿದಾಗ ಅಷ್ಟೇ ಹೊಗೆ ದುಪ್ಪಟ್ಟು ದಟ್ಟವಾಗಿ ಕಾಣುತ್ತದೆ. ಆಗ ಗಾಳಿ ಕೆಟ್ಟದ್ದಕ್ಕೆ ವಾಹನಗಳೇ ಕಾರಣವೆಂದು ಪೂರ್ತಿ ಹೊಣೆ ಹೊರಿಸುವುದೂ ತಪ್ಪು, ಜೂನ್‌ನಲ್ಲಿ ಗಾಳಿ ಚೆನ್ನಾಗಿತ್ತೆಂದು ವಾಹನಗಳಿಗೆ ಪೂರ್ತಿ ಖುಲಾಸೆ ಕೊಡುವುದೂ ತಪ್ಪು. ಏಪ್ರಿಲ್‌ನ ಶ್ರೇಯಸ್ಸನ್ನು ಲಾಕ್‌ಡೌನ್‌ಗೆ ಮಾತ್ರ ಕೊಟ್ಟವರು ಮಾಡಿದ ತಪ್ಪು ಇದೇ ಜಾತಿಯದು. ತಮ್ಮ ಉದ್ಯಮದ ಪರವಾಗಿ ಹೇಳಬಹುದಾದ ಬಲವಾದ ಮಾತು ಬೇರೆ ಇದೆ: ಲಾಕ್‌ಡೌನ್‌ನ ನಡುವೆಯೇ, 2020ರ ಏಪ್ರಿಲ್ 1ರಿಂದ, ದೇಶದಾದ್ಯಂತ ಹೊಸ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದು, ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಬಂದ್ ಮಾಡಿದ್ದರಿಂದ ಬಂದ ಲಾಭ ಬಂದ್ ತೆಗೆದೊಡನೆ ಹೋಯಿತು, ಇದು ಉಳಿಯಿತು. ಪತ್ರಿಕೆಗಳಲ್ಲಿ ಇದಕ್ಕೆ ಹತ್ತರಲ್ಲಿ ಒಂದು ಪಾಲು ಜಾಗವೂ ಸಿಗಲಿಲ್ಲ.

ಪ್ರಶ್ನೆ: 2022ರ ಜನವರಿಯಲ್ಲಿ ರಾಜ್ಯದಲ್ಲಿ ವಾರಾಂತ್ಯ ಕರ್ಫ್ಯೂ ಇತ್ತು. ಮೊದಲ ಲಾಕ್‌ಡೌನ್‌ನಲ್ಲಿ ಕಂಡಂಥ ಬದಲಾವಣೆ ಆಗ ನನಗೆ ಕಾಣಲಿಲ್ಲ. ಏಕೆ?
— ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಕಾಣದಿರುವುದೇ ಸಹಜ. ಎರಡು ದಿನದ ನಿರ್ಬಂಧದಲ್ಲಿ ಕಣಗಳು ಗಾಳಿಯಿಂದ ಹೋಗುವುದಕ್ಕೇ ಸಮಯ ಸಾಲುವುದಿಲ್ಲ. ಶುಕ್ರವಾರದ ಹೊಗೆ ಶನಿವಾರವೂ ಅಲ್ಲೇ ಇರುತ್ತದೆ. ಭಾನುವಾರ ಹೇಗಿದ್ದರೂ ಸಂಚಾರ ಕಡಿಮೆ, ಆದ್ದರಿಂದ ನಿಂತದ್ದೂ ಕಡಿಮೆಯೇ. ಕಾಲವೋ ಜನವರಿ, ತಾಪ ವಿಲೋಮ ಗಟ್ಟಿಯಾಗಿರುವ ತಿಂಗಳು.

ದೆಹಲಿಯಲ್ಲಿ 2016ರ ಜನವರಿ 1ರಿಂದ 15ರವರೆಗೆ ಸಮ-ಬೆಸ ಸಂಖ್ಯೆಯ ಕಾರುಗಳನ್ನು ದಿನ ಬಿಟ್ಟು ದಿನ ಓಡಿಸುವ ನಿಯಮ ತಂದಾಗಲೂ ಹೀಗೆಯೇ ಆಯಿತು. ಗಾಳಿ ಬೀಸದ, ಚಳಿಯ ದಿನಗಳಲ್ಲಿ ಪಿಎಂ 2.5 ಏರಿದಾಗ ವಿರೋಧಿಗಳು ಯೋಜನೆ ಸೋತಿತೆಂದರು; ಅಂಕಿ ಇಳಿದ ದಿನ ಬೆಂಬಲಿಗರು ಗೆದ್ದೆವೆಂದರು. ದೆಹಲಿಯ ಗಾಳಿಯ ಮುನ್ಸೂಚನೆ ನೀಡುವವರು ಬಳಸುವ ಅಳತೆಯೊಂದು ಇಂಥಲ್ಲಿ ಉಪಯುಕ್ತ. ಮಿಶ್ರಣ ಪದರದ ಎತ್ತರವನ್ನು ಗಾಳಿಯ ವೇಗದಿಂದ ಗುಣಿಸಿ ಬರುವ ಸಂಖ್ಯೆ ಸೆಕೆಂಡಿಗೆ 6,000 ಚದರ ಮೀಟರಿಗಿಂತ ಕೆಳಗಿದ್ದು, ಗಾಳಿಯ ವೇಗವೂ ಗಂಟೆಗೆ 10 ಕಿಲೋಮೀಟರಿಗಿಂತ ಕಡಿಮೆಯಿದ್ದರೆ, ಆ ದಿನ ಹೊಗೆ ಚದುರುವುದಿಲ್ಲ ಎಂದು ಅವರು ಎಣಿಸುತ್ತಾರೆ. ಯಾವುದೇ ನಿರ್ಬಂಧವನ್ನು ಹೊಗಳುವ ಅಥವಾ ತೆಗಳುವ ಮುನ್ನ ಆ ದಿನಗಳಲ್ಲಿ ಈ ಸಂಖ್ಯೆ ಎಷ್ಟಿತ್ತೆಂದು ಕೇಳುವುದು ನ್ಯಾಯ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯೆಂದರೆ ದೂಳು. ಲಾಕ್‌ಡೌನ್‌ನಲ್ಲೂ ಕಿಟಕಿ ತೆರೆದರೆ ದೂಳು ಬರುತ್ತಿತ್ತು. ಇದು ವಾಹನಗಳದ್ದಲ್ಲವೇ?
— ಗೃಹಿಣಿ, ಕಲಬುರಗಿ

ಉತ್ತರ: ಸ್ವಲ್ಪ ಮಟ್ಟಿಗೆ ವಾಹನಗಳದ್ದೇ, ಏಕೆಂದರೆ ಡಾಂಬರು ಕಿತ್ತ ರಸ್ತೆಯ ದೂಳನ್ನು ಎಬ್ಬಿಸುವುದು ಚಕ್ರಗಳು. ಆದರೆ ಒಣಗಿದ ಹೊಲ, ಕಲ್ಲುಗಣಿ, ಬಯಲು ಇವುಗಳಿಂದ ಬಿಸಿಗಾಳಿಯೇ ಎಬ್ಬಿಸುವ ದೂಳಿಗೆ ಕರ್ಫ್ಯೂ ಅನ್ವಯಿಸುವುದಿಲ್ಲ. 2020ರ ಮಾರ್ಚ್ ಕೊನೆಯ ವಾರದಲ್ಲಿ, ಯುರೋಪಿನ ಬಹುಭಾಗ ಮನೆಯೊಳಗಿದ್ದಾಗ, ಮಧ್ಯ ಏಷ್ಯಾದ ಒಣ ಪ್ರದೇಶಗಳಿಂದ ಎದ್ದ ದೂಳು ಪೂರ್ವ ಗಾಳಿಯೊಡನೆ ಬಾಲ್ಕನ್ ದೇಶಗಳವರೆಗೆ ಸಾಗಿ ಅಲ್ಲಿ ಪಿಎಂ 10ರ ಅಳತೆಯನ್ನು ಥಟ್ಟನೆ ಏರಿಸಿತ್ತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡಗಳ ಜೊತೆ ನಿಮ್ಮ ನಗರವೂ ಸೇರಿದೆ. ಕಲಬುರಗಿಯ ಮಟ್ಟಿಗೆ ರಸ್ತೆಯ ಅಂಚಿಗೆ ಕಲ್ಲು ಹಾಸುವುದು, ಕಟ್ಟಡದ ಮರಳನ್ನು ಮುಚ್ಚಿಡುವುದು ಇಂಥ ಕೆಲಸಗಳಿಗೆ ವಾಹನ ತಪಾಸಣೆಯಷ್ಟೇ ಮಹತ್ವವಿದೆ.

ಪ್ರಶ್ನೆ: ಲಾಕ್‌ಡೌನ್‌ನಿಂದ ಭೂಮಿಯ ಬಿಸಿ ಏರುವುದು ನಿಧಾನವಾಯಿತೇ?
— ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ಇಲ್ಲ. ನೈಟ್ರೋಜನ್ ಡೈಆಕ್ಸೈಡ್ ಗಂಟೆಗಳಲ್ಲಿ, ಸೂಕ್ಷ್ಮ ಕಣಗಳು ದಿನಗಳಲ್ಲಿ ಗಾಳಿಯಿಂದ ಮಾಯವಾದರೆ, ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಟ್ಟಲೆ ಉಳಿಯುತ್ತದೆ. 2020ರಲ್ಲಿ ಜಗತ್ತಿನ ಹೊರಸೂಸುವಿಕೆ ಶೇ 5ರ ಆಸುಪಾಸು ಇಳಿಯಿತಾದರೂ ವಾತಾವರಣದಲ್ಲಿ ಆ ಅನಿಲದ ಪ್ರಮಾಣ ಆ ವರ್ಷವೂ ಏರುತ್ತಲೇ ಹೋಯಿತು.

ಪ್ರಶ್ನೆ: ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಷೇಧಿಸಿದ್ದನ್ನು ಕಂಡು, ನಮ್ಮ ಬಡಾವಣೆಯ ಒಂದು ರಸ್ತೆಯಲ್ಲೂ ಭಾನುವಾರ ಹಾಗೆ ಮಾಡಬೇಕೆಂದಿದ್ದೇವೆ. ಗಾಳಿಯ ಬದಲಾವಣೆಯನ್ನು ಅಳೆಯಲು ಸಣ್ಣ ಉಪಕರಣವೊಂದನ್ನು ಕೊಂಡಿದ್ದೇವೆ. ಹೇಗೆ ಅಳೆದರೆ ಸರಿ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಶಿವಮೊಗ್ಗ

ಉತ್ತರ: ಒಂದೇ ಉಪಕರಣವಿದ್ದರೆ ಇನ್ನೊಂದನ್ನು ಕೊಳ್ಳಿ, ಅಥವಾ ಎರವಲು ತನ್ನಿ. ಒಂದನ್ನು ವಾಹನ ನಿಲ್ಲಿಸುವ ರಸ್ತೆಯಲ್ಲೂ, ಇನ್ನೊಂದನ್ನು ಅಷ್ಟೇ ಅಗಲದ, ಅಷ್ಟೇ ಮರಗಳಿರುವ, ವಾಹನ ಎಂದಿನಂತೆ ಓಡುವ ಪಕ್ಕದ ರಸ್ತೆಯಲ್ಲೂ ಒಂದೇ ಎತ್ತರದಲ್ಲಿ ಇಡಿ. ಎರಡೂ ರಸ್ತೆಗಳ ಮೇಲಿನ ಹವೆ ಒಂದೇ ಆದ್ದರಿಂದ, ಎರಡರ ನಡುವಿನ ಅಂತರದಲ್ಲಿ ಹವೆಯ ಪಾಲು ತಾನಾಗಿ ಕಳೆದುಹೋಗುತ್ತದೆ. ದೊಡ್ಡ ಅಧ್ಯಯನಗಳು ಗಣಕದಿಂದ ಮಾಡುವ ಕೆಲಸವನ್ನು ನೀವು ಎರಡು ಪೆಟ್ಟಿಗೆಗಳಿಂದ ಮಾಡುತ್ತೀರಿ. ಶುರು ಮಾಡುವ ಮುನ್ನ ಎರಡನ್ನೂ ಒಂದೇ ಜಾಗದಲ್ಲಿ ಒಂದು ವಾರ ಜೊತೆಗಿಟ್ಟು, ಅವು ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಅದನ್ನು ಗುರುತು ಹಾಕಿಟ್ಟು ಆಮೇಲೆ ಕಳೆಯಿರಿ.

ಕಡಿಮೆ ಬೆಲೆಯ ಈ ಉಪಕರಣಗಳು ಕಣಗಳನ್ನು ತೂಗುವುದಿಲ್ಲ, ಕಣಗಳು ಚದುರಿಸುವ ಬೆಳಕನ್ನು ಅಳೆದು ತೂಕವನ್ನು ಅಂದಾಜಿಸುತ್ತವೆ. ಶಿವಮೊಗ್ಗದಂಥ ತೇವದ ಊರಿನಲ್ಲಿ ಬೆಳಗಿನ ಹೊತ್ತು ನೀರು ಹೀರಿ ಊದಿದ ಕಣಗಳಿಂದ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ, ಆದ್ದರಿಂದ ಆರ್ದ್ರತೆಯನ್ನೂ ಪ್ರತಿ ಸಲ ದಾಖಲಿಸಿ. ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಸಾಧನ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ರಸ್ತೆಯಷ್ಟು ಚಿಕ್ಕ ಜಾಗದಲ್ಲಿ, ಒಂದು ದಿನದಷ್ಟು ಕಿರಿದಾದ ಅವಧಿಯಲ್ಲಿ, ಬದಲಾವಣೆ ಕಾಣಿಸಿಕೊಳ್ಳುವುದಾದರೆ ಆ ಅನಿಲದಲ್ಲಿ ಮೊದಲು. ಬೇಸಿಗೆಯ ಕೆಲವು ಭಾನುವಾರ, ಚಳಿಗಾಲದ ಕೆಲವು ಭಾನುವಾರ ಎರಡೂ ಸೇರುವಂತೆ ನೋಡಿಕೊಳ್ಳಿ. ಮಳೆ ಬಿದ್ದ ದಿನದ ಅಳತೆಯನ್ನು ಹೊಡೆದುಹಾಕುವುದು ಬೇಡ, ಪಕ್ಕದಲ್ಲಿ ಮಳೆ ಬಿದ್ದ ಹೊತ್ತನ್ನು ಬರೆದಿಡಿ.